ಗಡಿಭಾಗದ ಆಡುಮಾತು: ಪದಗಳು ಬಂದ ದಾರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಕನ್ನಡದಲ್ಲಿ ಮರಾಠಿ, ಪರ್ಶಿಯನ್, ಅರಬ್ಬಿ, ಪೋರ್ಚುಗೀಸ್ ಮೂಲದ ಮಾತುಗಳು ಹೆಜ್ಜೆಗೊಂದರಂತೆ ಸಿಗುತ್ತವೆ. ಇದನ್ನು ಕಲಬೆರಕೆ ಕನ್ನಡವೆಂದು ತಳ್ಳಿಹಾಕುವವರಿದ್ದಾರೆ. ಅದು ಅನ್ಯಾಯದ ಮಾತು. ಈ ಪದಗಳು ಕಚೇರಿ, ಪೇಟೆ, ನೆಂಟಸ್ತನಗಳ ಬೆನ್ನು ಹಿಡಿದು ಬಂದವು, ಬಂದ ದಾರಿಯ ಗುರುತನ್ನು ಇನ್ನೂ ಉಳಿಸಿಕೊಂಡಿವೆ.

ಮೊದಲ ದೊಡ್ಡ ದಾರಿ ವಿಜಾಪುರದ ಆದಿಲಶಾಹಿ ಆಡಳಿತ. 1534ರಿಂದ 1558ರವರೆಗೆ ಆಳಿದ ಮೊದಲನೆಯ ಇಬ್ರಾಹಿಂ ಆದಿಲಶಾಹ ಲೆಕ್ಕಪತ್ರವನ್ನು ಪರ್ಶಿಯನ್‌ನಿಂದ ದೇಶಭಾಷೆಗೆ ತಿರುಗಿಸಿದ. ಬರೆಯುವ ಭಾಷೆ ಬದಲಾದರೂ ಕಂದಾಯದ ಪರಿಭಾಷೆ ಉಳಿಯಿತು. ಕಾರಕೂನ, ವಸೂಲಿ, ಫಸಲು, ಜಮೀನು ಎಲ್ಲವೂ ಮೋಡಿ ಲಿಪಿಯ ಮರಾಠಿ ದಫ್ತರಗಳ ಮೂಲಕ ಹೊಲದವರೆಗೆ ಇಳಿದವು. ಊರ ಹೆಸರಿಗೂ ಆ ದಫ್ತರದ ಮುದ್ರೆ ಬಿದ್ದಿದೆ. ಕಾಗವಾಡ ತಾಲ್ಲೂಕಿನ ಉಗಾರ ಬುದ್ರುಕ, ಉಗಾರ ಖುರ್ದಗಳಲ್ಲಿ ‘ಬುಜುರ್ಗ್’ ಎಂದರೆ ಹಿರಿದು, ‘ಖುರ್ದ್’ ಎಂದರೆ ಕಿರಿದು. ಮೇರೆ ಎಂಬರ್ಥದ ಅರಬ್ಬಿ ‘ಹದ್ದ್’ ಜೊತೆ ಕಟ್ಟು ಎಂಬ ಪರ್ಶಿಯನ್ ‘ಬಸ್ತ್’ ಸೇರಿ ಹದ್ದುಬಸ್ತು ಆಯಿತು. ಹೊಲದ ಗಡಿ ಗುರುತಿಸುವ ಭೂಮಾಪನದ ಕೆಲಸಕ್ಕೆ ಇಂದಿಗೂ ಅದೇ ಹೆಸರು. ಮಕ್ಕಳನ್ನು ಹದ್ದುಬಸ್ತಿನಲ್ಲಿಡು ಎನ್ನುವ ಮಾತೂ ಅಲ್ಲಿಂದಲೇ ಹೊರಟಿತು.

ಮುಂದೆ ಪೇಶವೆಯರು, ನಿಪ್ಪಾಣಿಯ ದೇಸಗತಿ, ಆಮೇಲೆ ಮುಂಬಯಿ ಸರ್ಕಾರ. ರಾಯಬಾಗವಂತೂ 1949ರವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಮಾಮಲೇದಾರ, ತಲಾಟಿ, ಉತಾರ ಈ ಕಾಲದ ಬಳುವಳಿ. ಮರಾಠಿಯ ‘ಉತಾರಾ’ ಎಂದರೆ ಮೂಲದಿಂದ ಇಳಿಸಿಕೊಂಡ ನಕಲು. 1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಾಗದದಲ್ಲಿ ಮಾಮಲೇದಾರ ಹೋಗಿ ತಹಶೀಲ್ದಾರ ಬಂದ. ಆದರೆ ರೈತರ ಬಾಯಲ್ಲಿ ಉತಾರ ಉತಾರವಾಗಿಯೇ ಉಳಿಯಿತು.

ಕಚೇರಿಯಿಂದ ಮನೆಗೆ ಬಂದ ಪದಗಳ ಅರ್ಥ ಮಗ್ಗುಲು ಬದಲಿಸಿದ್ದು ಇನ್ನೂ ಸ್ವಾರಸ್ಯಕರ. ಅರಬ್ಬಿಯ ‘ಹರಕತ್’ ಅಂದರೆ ಚಲನೆ. ಮರಾಠಿಯಲ್ಲಿ ಅದು ಆಕ್ಷೇಪಣೆ, ಅಡ್ಡಿ ಎಂದಾಯಿತು. ಗಡಿಯ ಕನ್ನಡಿಗ ‘ಹರಕತ್ತಿಲ್ಲ, ಬರ್ರಿ’ ಎನ್ನುವಾಗ ‘ಅಡ್ಡಿಯಿಲ್ಲ’ ಎಂಬ ಕನ್ನಡದ ಅಚ್ಚಿನಲ್ಲೇ ಅದನ್ನು ಎರಕ ಹೊಯ್ದಿರುತ್ತಾನೆ. ದಿಗ್ಭ್ರಮೆಗೊಂಡವ ಎಂಬರ್ಥದ ‘ಹೈರಾನ್’ ಇಲ್ಲಿ ದಣಿವು, ಕಾಟ ಎರಡಕ್ಕೂ ಸಲ್ಲುತ್ತದೆ: ‘ತಿರಗಿ ತಿರಗಿ ಹೈರಾಣ ಆದ್ನಿ.’ ಸಂಸ್ಕೃತದಲ್ಲಿ ಭಯವಾಗಿದ್ದ ‘ತ್ರಾಸ’ ಮರಾಠಿಯ ಹಾದಿಯಲ್ಲಿ ಬರೀ ತೊಂದರೆಯಾಯಿತು.

ಪೇಟೆಯ ಮಾತು ಬೇರೆ ದಿಕ್ಕಿನಿಂದಲೂ ಬಂತು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ಅವರ ‘ಬಟಾಟಾ’ ಇಲ್ಲಿ ಬಟಾಟಿ. ಹಣ ಕೊಡು ಎಂಬ ‘ಪಗಾರ್’ ಇಲ್ಲಿ ತಿಂಗಳ ಪಗಾರ. ‘ಶಾವೆ’ ಇಲ್ಲಿ ಚಾವಿ. ನಿಪ್ಪಾಣಿಯ ಬದುಕನ್ನೇ ಕಟ್ಟಿದ ತಂಬಾಕಿನ ಹೆಸರೂ ಅದೇ ದಾರಿಯದು. ಆ ಪೇಟೆಯಲ್ಲಿ ಚೀಲ ಹೊರುವ ಹಮಾಲನೂ ವ್ಯಾಪಾರ ಕುದುರಿಸುವ ದಲಾಲನೂ ಅರಬ್ಬಿ ಹೆಸರಿನವರು.

ಕಾಕಾ, ಮಾವಶಿ, ವೈನಿ ಮುಂತಾದವು ಎರಡು ಭಾಷೆಯ ನೆರೆಹೊರೆಯಿಂದ ಮನೆಯೊಳಗೆ ಬಂದವು. ಕೊಟ್ಟದ್ದೂ ಕಡಿಮೆಯಲ್ಲ: ಮರಾಠಿಯ ಅಕ್ಕಾ, ತುಪ್ಪಕ್ಕಿರುವ ‘ತೂಪ’, ಅಡಕೊತ್ತಿಗಿರುವ ‘ಅಡಕಿತ್ತಾ’ ಕನ್ನಡದ ಕೊಡುಗೆ. ಕನ್ನಡ–ಮರಾಠಿಯ ಈ ಹಳೆಯ ನಂಟನ್ನು ಶಂ. ಬಾ. ಜೋಶಿಯವರು ಜೀವಮಾನವಿಡೀ ಶೋಧಿಸಿದರು.

ಕೊಡುಕೊಳ್ಳುವಿಕೆ ಪದಕ್ಕೇ ನಿಲ್ಲಲಿಲ್ಲ. ಕಾಗವಾಡದಾಚೆ, ಸಾಂಗಲಿ ಹತ್ತಿರದ ಕುಪವಾಡದ ಮಾತನ್ನು ಅಭ್ಯಾಸ ಮಾಡಿದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನ ಜಗತ್ತಿನ ಭಾಷಾವಿಜ್ಞಾನಿಗಳಿಗೆಲ್ಲ ಪರಿಚಿತ. ಉಳಿದೆಡೆ ‘ಇದು ನಮ್ಮ ಮನೆ’ ಎಂದರೆ ಸಾಕು. ಅಲ್ಲಿನ ಕನ್ನಡಕ್ಕೆ ಮರಾಠಿಯ ‘ಆಹೇ’ಯಂತೆ ಕೊನೆಯಲ್ಲಿ ‘ಐತಿ’ ಬೇಕು. ಹೀಗೆ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಹೆಚ್ಚುಕಡಿಮೆ ಒಂದೇ ಆಗಿದ್ದರೂ ಜೈನರು, ಲಿಂಗಾಯತರು ಮನೆಯಲ್ಲಿ ಕನ್ನಡವನ್ನು ಬಿಟ್ಟಿರಲಿಲ್ಲ.