ಕೊಂಡುಕುರಿಯ ಕುಲ: ಮುಂಗೊಂಬಿನ ಸಾಕ್ಷ್ಯ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಕುರಿಯೂ ದನವೂ ಒಂದೇ ಬಯಲಲ್ಲಿ ಮೇಯುತ್ತವೆ. ಕುರುಚಲು ಕಾಡಿನ ಕೊಂಡುಕುರಿಯನ್ನು ಮಾತ್ರ ನಮ್ಮ ನುಡಿ ಕುರಿಯ ಪಾಲಿಗೆ ಸೇರಿಸಿಬಿಟ್ಟಿದೆ. 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಈ ಪ್ರಾಣಿಯ ಹೆಸರಿನಲ್ಲೇ ವನ್ಯಜೀವಿಧಾಮವಿದೆ.

ಕುಲದ ಪ್ರಶ್ನೆ ಬಹುಮಟ್ಟಿಗೆ ಇತ್ಯರ್ಥವಾಗಿದೆ. ಟೊಳ್ಳುಗೊಂಬಿನ ಬೋವಿಡೆ ಕುಟುಂಬ ಸುಮಾರು 2 ಕೋಟಿ ವರ್ಷಗಳ ಹಿಂದೆ ಎರಡು ಕವಲಾಯಿತು. ಡಿಎನ್‌ಎ ಹೋಲಿಕೆಯಂತೆ ಕೊಂಡುಕುರಿ, ನೀಲಗಾಯಿ, ಎಮ್ಮೆ, ಹಳ್ಳಿಕಾರ್ ಎತ್ತು ಒಂದು ಕವಲಿನವು. ಕುರಿ, ಮೇಕೆ, ಕೃಷ್ಣಮೃಗ ಇನ್ನೊಂದರವು. ಕೊಂಬನ್ನು ಬೆರಳಿಂದ ಸವರಿದರೂ ವ್ಯತ್ಯಾಸ ತಿಳಿಯುತ್ತದೆ. ಕೃಷ್ಣಮೃಗದ ತಿರುಚುಗೊಂಬಿನ ತುಂಬ ಉಂಗುರ, ಟಗರಿನದರಲ್ಲಿ ಸುಕ್ಕು. ಕೊಂಡುಕುರಿಯದು ಉಂಗುರವಿಲ್ಲದ ನುಣುಪುಗೊಂಬು. ಕೊಂಬಿನ ಮೈಯೊಂದನ್ನೇ ನಂಬಿ ಕುಲ ಹೇಳುವಂತಿಲ್ಲ, ನಿಜ. ಇಲ್ಲಿ ಅದು ಡಿಎನ್‌ಎಗೆ ಒತ್ತಾಸೆಯಷ್ಟೇ.

ನನ್ನ ತಕರಾರು ಬೇರೆಡೆ ಇದೆ. ಕೊಂಡುಕುರಿಯನ್ನು ದನದ ಕುಲದ ಮೂಲರೂಪ, ಬದಲಾಗದೆ ಉಳಿದ ಪೂರ್ವಜ ಎಂದು ಬಣ್ಣಿಸುವ ರೂಢಿ ಹಿಂದಿನ ಪ್ರಾಣಿಶಾಸ್ತ್ರಜ್ಞರಿಂದ ಬಂದದ್ದು. ಕಿರಿದಾದ ಮೈ, ಪೊದೆಯಲ್ಲಿ ಅಡಗಿ ಒಂಟಿಯಾಗಿ ಬಾಳುವ ರೀತಿ ಅವರಿಗೆ ಆಧಾರ. ಆದರೆ ಎತ್ತಿನ ಕವಲು ಸವೆಸಿದಷ್ಟೇ ಕಾಲವನ್ನು ಕೊಂಡುಕುರಿಯ ಕವಲೂ ಸವೆಸಿದೆ. ಇದು ದಾಯಾದಿಯೇ ಹೊರತು ಅಜ್ಜನಲ್ಲ. ಅಲ್ಲದೆ ಇಂದು ಬದುಕಿರುವ ಕಾಡಿನ ಬೋವಿಡೆಗಳಲ್ಲಿ ನಾಲ್ಕು ಕೊಂಬು ಇದಕ್ಕೊಂದಕ್ಕೇ, ಅದೂ ಗಂಡಿಗೆ ಮಾತ್ರ. ಹಾಗಾಗಿ ಮುಂಗೊಂಬು ಈ ಕವಲಿನಲ್ಲೇ ಹೊಸದಾಗಿ ಮೂಡಿದ್ದು ಎಂಬುದು ನನ್ನ ವಾದ.

ಈ ವಾದಕ್ಕೂ ಮಿತಿಯುಂಟು. ವಾಲ್ಟರ್ ಎಲಿಯಟ್ 1839ರಲ್ಲಿ ದಕ್ಷಿಣ ಮರಾಠಾ ಸೀಮೆಯ, ಎಂದರೆ ಧಾರವಾಡದ ಸುತ್ತಿನ, ಸಸ್ತನಿಗಳ ಪಟ್ಟಿ ಮಾಡಿದಾಗ ಈ ಪ್ರಾಣಿಗೆ ‘ಸಬ್‌ಕ್ವಾಡ್ರಿಕಾರ್ನ್ಯೂಟಸ್’ ಎಂಬ ಹೆಸರಿಟ್ಟ. ಪೂರಾ ನಾಲ್ಕು ಕೊಂಬಿನದಲ್ಲ ಎಂಬುದು ಅದರ ಇಂಗಿತ. ದಕ್ಷಿಣದ ಗಂಡುಗಳಲ್ಲಿ ಮುಂಗೊಂಬು ಎಷ್ಟೋ ಸಲ ಬರಿಯ ಗುಬುಟು; ಕೆಲವಕ್ಕೆ ಅದೂ ಇಲ್ಲ. ಬೆಳೆದ ಮುಂಗೊಂಬು ಇಲ್ಲಿ ಕುಗ್ಗಿತೋ, ಅಥವಾ ಪೂರ್ತಿ ಬೆಳೆಯುವ ಮುನ್ನಿನ ಹಂತವೇ ಇಲ್ಲಿ ಉಳಿಯಿತೋ? ಎರಡನೆಯದು ನಿಜವಾದರೆ ಮುಂಗೊಂಬು ಮೂಡಿದ ದಾರಿ ನಮ್ಮ ಕುರುಚಲು ಕಾಡಿನಲ್ಲೇ ಸಿಕ್ಕೀತು. ಕೊಂಡುಕುರಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುವುದರಿಂದ ಅದನ್ನು ಹಿಡಿಯದೆ, ಬೆದರಿಸದೆ ಡಿಎನ್‌ಎ ಸಂಗ್ರಹಿಸಬಹುದು. ರಂಗಯ್ಯನದುರ್ಗದ ಹಿಕ್ಕೆಯನ್ನು ಉತ್ತರದ ಕಾಡುಗಳದರ ಜೊತೆಗಿಟ್ಟು ನೋಡುವವರೆಗೆ ಎರಡು ಬಾಗಿಲೂ ತೆರೆದೇ ಇರುತ್ತವೆ.