ಕರುಳಿನ ತಂತಿ

ಲ್ಯೂಟ್ ಎಂಬ ಹೆಸರು ಅರಬ್ಬಿಯ ‘ಅಲ್ ಊದ್’ ಎಂಬುದರಿಂದ ಬಂದದ್ದು. ಊದ್ ಎಂದರೆ ಮರ. ಆದರೆ ಯುರೋಪಿನ ಈ ವಾದ್ಯದ ಚರಿತ್ರೆಯನ್ನು ಓದುತ್ತ ಹೋದಂತೆ ನನ್ನ ಕುತೂಹಲವೆಲ್ಲ ಮರವನ್ನು ಬಿಟ್ಟು ತಂತಿಯ ಕಡೆಗೇ ಹರಿಯಿತು. ಮರ ಅಷ್ಟಿಷ್ಟು ಉಳಿದಿದೆ, ಸಂಗೀತದ ಬರಹವೂ ಉಳಿದಿದೆ. ಅವೆರಡನ್ನೂ ಕೂಡಿಸುವ ತಂತಿಯೇ ಕೈತಪ್ಪಿ ಹೋಗಿದೆ.

1507ರಲ್ಲಿ ವೆನಿಸ್ಸಿನ ಮುದ್ರಕ ಪೆಟ್ರೂಚ್ಚಿ, ಸ್ಪಿನಚೀನೋ ಎಂಬ ವಾದಕನ ಲ್ಯೂಟ್ ರಚನೆಗಳನ್ನು ಅಚ್ಚುಮಾಡಿದ. ಅದನ್ನು ಬೆರಳಲಿಪಿ ಎನ್ನಬಹುದು: ಆರು ಸಾಲು ತಂತಿಗಳಿಗೆ ಆರು ಗೆರೆ, ಯಾವ ಮೆಟ್ಟಿಲನ್ನು ಒತ್ತಬೇಕೆಂಬುದಕ್ಕೆ ಗೆರೆಯ ಮೇಲೊಂದು ಅಂಕಿ. ಕೈ ಎಲ್ಲಿರಬೇಕೆಂದು ಪುಟ ಹೇಳುತ್ತದೆ. ನಾದ ಹೇಗಿತ್ತೆಂದು ಹೇಳಲು ಅದಕ್ಕೆ ಬಾಯಿಲ್ಲ.

ವಾದ್ಯಗಳ ಗತಿಯೂ ವಿಚಿತ್ರವೇ. ಬೊಲೋನ್ಯದಲ್ಲಿ ನೆಲೆಸಿದ್ದ ಜರ್ಮನ್ ಕುಶಲಕರ್ಮಿ ಲಾವ್ಕ್ಸ್ ಮಾಲರ್ 1552ರಲ್ಲಿ ತೀರಿಕೊಂಡಾಗ ಅವನ ಕಾರ್ಯಾಗಾರದಲ್ಲಿ ಸುಮಾರು ಸಾವಿರ ಲ್ಯೂಟುಗಳಿದ್ದುವು. ಈಗ ಉಳಿದವು ಬೆರಳೆಣಿಕೆಯಷ್ಟು. ಅವೂ ಅವನು ಮಾಡಿದಂತಿಲ್ಲ. ತಂತಿಯ ಸಾಲುಗಳು ಆರರಿಂದ ಹನ್ನೊಂದಕ್ಕೆ, ಹದಿಮೂರಕ್ಕೆ ಏರಿದಂತೆಲ್ಲ ಹಳೆಯ ಕೊಡಕ್ಕೆ ಅಗಲವಾದ ಹೊಸ ಕೊರಳನ್ನು ಕೂಡಿಸುತ್ತ ಹೋದರು. ಆ ಕೊಡಕ್ಕಿದ್ದ ಬೆಲೆ ಅಷ್ಟು! ಮಾಲರನ ಎರಡು ಲ್ಯೂಟುಗಳಿಗೆ ತಲಾ ನೂರು ಪೌಂಡು ಬೆಲೆ ಕಟ್ಟಿದ್ದನ್ನು ಕಂಡೆನೆಂದು ಇಂಗ್ಲೆಂಡಿನ ಥಾಮಸ್ ಮೇಸ್ 1676ರಲ್ಲಿ ಬರೆದಿದ್ದಾನೆ. ಹಗಲು ಹೊತ್ತು ಲ್ಯೂಟನ್ನು ಹಾಸಿಗೆಯಲ್ಲಿ ಹೊದಿಸಿ ಮಲಗಿಸಿರೆಂದು ಬುದ್ಧಿ ಹೇಳಿದ ಮಹಾರಾಯನೂ ಇವನೇ. ನಗಬೇಡಿ, ತೇವ ತಗುಲಿದರೆ ಕರುಳು ಕೆಡುತ್ತದೆ.

ಹೌದು, ತಂತಿಗಳು ಕುರಿಯ ಕರುಳಿನವು. ಮೆಟ್ಟಿಲುಗಳೂ ಕರುಳೇ. ನಮ್ಮ ವೀಣೆಯ ಮೆಟ್ಟಿಲು ಮೇಣದಲ್ಲಿ ಭದ್ರವಾಗಿ ಕೂತರೆ, ಅಲ್ಲಿ ಕರುಳಿನ ಎಳೆಯನ್ನು ಕೊರಳಿಗೆ ಸುತ್ತಿ ಗಂಟು ಹಾಕುತ್ತಾರೆ, ಬೇಕಾದಾಗ ಸರಿಸುತ್ತಾರೆ. ತೊಡಕಿರುವುದು ಮಂದ್ರದಲ್ಲಿ. ಕರುಳನ್ನು ದಪ್ಪ ಮಾಡಿದರೆ ಸ್ವರವೇನೋ ಇಳಿಯುತ್ತದೆ, ಜೊತೆಗೆ ನಾದವೂ ಮಂಕಾಗುತ್ತದೆ. ತೆಳುವಾದ ಎಳೆಗೆ ಲೋಹದ ಸರಿಗೆ ಸುತ್ತುವ ಉಪಾಯ ಕಾಣಿಸಿಕೊಂಡದ್ದು 1660ರ ಸುಮಾರಿಗೆ. ಅದಕ್ಕೆ ಮೊದಲು ಮಂದ್ರದ ತಂತಿಯ ಪಕ್ಕದಲ್ಲಿ ಒಂದು ಸ್ಥಾಯಿ ಮೇಲಿನ ತೆಳುತಂತಿಯನ್ನು ಕಟ್ಟಿ ಕಾಂತಿ ತರುತ್ತಿದ್ದರು. ಜಾನ್ ಡೌಲಂಡನಿಗೆ (1563-1626) ಈ ಏರ್ಪಾಡು ಒಪ್ಪಿಗೆಯಾಗಿರಲಿಲ್ಲ. ಹಾಗಾದರೆ ಅವನ ಮಂದ್ರ ತನ್ನ ಬಲದಿಂದಲೇ ನುಡಿಯುತ್ತಿದ್ದಿರಬೇಕು. ಹೇಗೆ?

ಹದಿನೆಂಟನೆಯ ಶತಮಾನ ಮುಗಿಯುವ ವೇಳೆಗೆ ಲ್ಯೂಟ್ ಮೂಲೆಗೆ ಬಿದ್ದಿತ್ತು. 1893ರಲ್ಲಿ ಆರ್ನಲ್ಡ್ ಡಾಲ್ಮೆಚ್ ಲಂಡನ್ನಿನಲ್ಲಿ ಹೊಸದೊಂದನ್ನು ಮಾಡಿದ. 1956ರಲ್ಲಿ ಇಂಗ್ಲೆಂಡಿನ ಆಸಕ್ತರು ಲ್ಯೂಟ್ ಸೊಸೈಟಿ ಕಟ್ಟಿಕೊಂಡರು. ವಸ್ತುಸಂಗ್ರಹಾಲಯಗಳ ವಾದ್ಯಗಳನ್ನು ಅಳೆಯಹೊರಟವರಿಗೆ ಒಂದು ಸೋಜಿಗ ಕಂಡಿತು: ಕುದುರೆಯಲ್ಲಿ ಮಂದ್ರದ ತಂತಿಗಾಗಿ ಕೊರೆದ ತೂತು, ಬರಿಯ ಕರುಳಿನ ದಪ್ಪ ತಂತಿ ತೂರಲಾರದಷ್ಟು ಕಿರಿದು! ಕರುಳನ್ನು ಹಗ್ಗದಂತೆ ಹೊಸೆದಿದ್ದರೆಂದು ಕೆಲವರ ವಾದ. ಹೊಸೆದರೆ ತಂತಿ ಬಳುಕುತ್ತದೆ, ಸರಿ, ತೆಳುವಾಗುವುದಿಲ್ಲವಲ್ಲ. ಲೋಹದ ಪುಡಿಯನ್ನೋ ಲವಣವನ್ನೋ ಕರುಳಿಗೆ ಉಣಿಸಿ ತೂಕ ಹೆಚ್ಚಿಸಿದ್ದರೆಂದು ಇಟಲಿಯ ಮಿಮ್ಮೊ ಪೆರುಫ್ಫೊ ಊಹಿಸಿ, ಅಂಥ ತಂತಿಗಳನ್ನು ಮಾಡಿಯೂ ತೋರಿಸಿದರು. ನನಗೆ ಹಿಡಿಸುವುದು ಈ ಊಹೆಯೇ. ಹಳೆಯ ವರ್ಣಚಿತ್ರಗಳಲ್ಲಿ ಮೇಲಿನ ತಂತಿಗಳು ಹಳದಿಯಾಗಿದ್ದು ಮಂದ್ರದವು ಕೆಂಪು ಕಂದಾಗಿರುವುದನ್ನು ಅವರು ಸಾಕ್ಷಿಗೆ ತಂದಿದ್ದಾರೆ. ತಂತಿ ಹೊಸೆಯುತ್ತಿದ್ದವರು ತಮ್ಮ ಪಾಕವನ್ನು ಬರೆದಿಟ್ಟದ್ದು ಮಾತ್ರ ಈವರೆಗೆ ಯಾರ ಕೈಗೂ ಸಿಕ್ಕಿಲ್ಲ.