ಹಳೇ ಹಾಡು ಹಂಚಲು ಹೋದವನ ಲೈನ್ ಕಡಿದವರು ಯಾರು?

ನಮ್ಮ ಮನೆಯ ಅಟ್ಟದ ಮೇಲೆ ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್ ಇದ್ದವು. ದೊಡ್ಡಮ್ಮ, ಅತ್ತೆಯರೆಲ್ಲ ಮದುವೆ ಮನೆಗಳಲ್ಲಿ ಹೇಳಿದ ಹಾಡುಗಳು. ಕಳೆದ ಮಳೆಗಾಲದಲ್ಲಿ ಕೂತು ಅಷ್ಟನ್ನೂ ಕಂಪ್ಯೂಟರಿಗೆ ಇಳಿಸಿದೆ. ವಾಟ್ಸಾಪಿನಲ್ಲಿ ಕಳಿಸುವಷ್ಟು ಸಣ್ಣ ಫೈಲುಗಳಲ್ಲ. ಹಾಗಾಗಿ ಹಳೆಯ ಡೆಸ್ಕ್‌ಟಾಪ್ ಒಂದನ್ನು ಹಗಲೂ ರಾತ್ರಿ ಚಾಲೂ ಇಟ್ಟು ಮನೆಯಲ್ಲೇ ಸರ್ವರ್ ಮಾಡಿ, ಪುಣೆ, ಬೆಂಗಳೂರಿನ ನೆಂಟರಿಗೆ ಟೊರೆಂಟ್ ಮೂಲಕ ಕೊಡೋಣ ಎಂದುಕೊಂಡೆ. ಡೌನ್‌ಲೋಡ್ ಚೆನ್ನಾಗಿಯೇ ಆಗುತ್ತಿತ್ತು. ಅಪ್‌ಲೋಡ್ ಮಾತ್ರ ಸೊನ್ನೆ. ಮೂರು ದಿನ ಕಾದರೂ ಸೊನ್ನೆಯೇ.

ಫೈಬರ್ ಲೈನಿನ ಹುಡುಗನಿಗೆ ಫೋನ್ ಮಾಡಿದೆ. "ಅಣ್ಣ, ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಅಂದ. ಮಾಡಿದೆ. "ನೆಟ್ ಬರ್ತಾ ಇದೆಯಲ್ಲಣ್ಣ, ಮತ್ತೇನು ಪ್ರಾಬ್ಲಮ್ಮು?" ಅಂದ.

ಅವನದೇನೂ ತಪ್ಪಿಲ್ಲ. ನೆಟ್ ಅಂದರೆ ನಮ್ಮ ಮನೆಗೆ ಬರುವಂಥದ್ದು ಎಂದೇ ನಾವೆಲ್ಲ ತಿಳಿದಿದ್ದೇವೆ. ನಮ್ಮ ಮನೆಯಿಂದ ಹೋಗುವುದು ನಿಂತರೆ ಅದು ಯಾರಿಗೂ ಕೆಟ್ಟುಹೋದ ಹಾಗೆ ಕಾಣುವುದಿಲ್ಲ. ಆದರೆ ಅಮೆರಿಕದಲ್ಲಿ 2007ರಲ್ಲಿ ಒಬ್ಬನಿಗೆ ಹಾಗೆ ಕಂಡಿತು. ಅವನು ಹಂಚಲು ಹೊರಟಿದ್ದೂ ಹಳೆಯ ಹಾಡುಗಳನ್ನೇ.

ಮೊದಲು ಟೊರೆಂಟ್ ಏನೆಂದು ಹೇಳಿಬಿಡುತ್ತೇನೆ. ಸಿನಿಮಾ ಕದಿಯುವ ದಾರಿ ಎಂದಷ್ಟೇ ಅದಕ್ಕೆ ಹೆಸರು ಬಂದಿದೆ; ಕದಿಯುವವರು ಬಳಸಿದ್ದೂ ಸುಳ್ಳಲ್ಲ. ಬ್ರಾಮ್ ಕೊಹೆನ್ ಎಂಬ ಅಮೆರಿಕದ ಪ್ರೋಗ್ರಾಮರ್ 2001ರಲ್ಲಿ ಇದನ್ನು ಬರೆದ. ಒಂದು ದೊಡ್ಡ ಫೈಲನ್ನು ಸಣ್ಣ ಸಣ್ಣ ತುಂಡು ಮಾಡುವುದು, ಯಾರ ಹತ್ತಿರ ಯಾವ ತುಂಡು ಇದೆಯೋ ಅವರು ಇಲ್ಲದವರಿಗೆ ಕೊಡುವುದು. ನಮ್ಮ ಕಡೆಯ ಮುಯ್ಯಾಳು ಪದ್ಧತಿ ಇದ್ದ ಹಾಗೆ: ನೀನು ನನ್ನ ಗದ್ದೆಗೆ ಬಂದರೆ ನಾನು ನಿನ್ನ ಗದ್ದೆಗೆ. ಕೊಡುವವರಿಗೇ ಹೆಚ್ಚು ಸಿಗುವಂತೆ ಕೊಹೆನ್ ಲೆಕ್ಕ ಹಾಕಿದ್ದ. ತನಗೆ ಬೇಕಾದ್ದೆಲ್ಲ ಸಿಕ್ಕ ಮೇಲೂ ಕಂಪ್ಯೂಟರ್ ಆರಿಸದೆ ಬೇರೆಯವರಿಗೆ ಕೊಡುತ್ತಲೇ ಇರುವವನನ್ನು ಸೀಡರ್ ಅನ್ನುತ್ತಾರೆ, ಅಂದರೆ ಬಿತ್ತುವವನು. ಬಿತ್ತುವವರಿಲ್ಲದಿದ್ದರೆ ಆ ಫೈಲು ಸತ್ತ ಹಾಗೆ.

ರಾಬ್ ಟೊಪೊಲ್‌ಸ್ಕಿ ಒರೆಗಾನ್ ರಾಜ್ಯದವನು. ಸಾಫ್ಟ್‌ವೇರ್ ಪರೀಕ್ಷಿಸುವುದು ಅವನ ಕಸುಬು. ನಾಲ್ಕು ಜನ ವಾದ್ಯವಿಲ್ಲದೆ ದನಿಗೆ ದನಿ ಕೂಡಿಸಿ ಹಾಡುವ 'ಬಾರ್ಬರ್‌ಶಾಪ್' ಗಾಯನದ ಹುಚ್ಚು ಅವನಿಗೆ. ಕಾಪಿರೈಟ್ ಮುಗಿದುಹೋದ ಅಂಥ ಹಳೆಯ ಧ್ವನಿಮುದ್ರಣಗಳನ್ನು ಬೇರೆ ಅಭಿಮಾನಿಗಳಿಗೆ ಹಂಚುತ್ತಿದ್ದ. ಅಪ್‌ಲೋಡ್ ಆಗಲಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರೂ ನೋಡುವುದು ತಮ್ಮ ಮನೆಯೊಳಗೇ. ರೂಟರಿನಲ್ಲಿ ಪೋರ್ಟ್ ತೆರೆದಿದೆಯೇ, ಫೈರ್‌ವಾಲ್ ತಡೆಯುತ್ತಿದೆಯೇ, ಸಾಫ್ಟ್‌ವೇರ್ ಹಳೆಯದಾಯಿತೇ? ಟೊಪೊಲ್‌ಸ್ಕಿ ಅಲ್ಲಿಗೇ ನಿಲ್ಲಲಿಲ್ಲ. ತಂತಿಯ ಮೇಲೆ ಹೋಗಿಬರುವ ಒಂದೊಂದು ಪ್ಯಾಕೆಟ್ಟನ್ನೂ ದಾಖಲಿಸಿ ನೋಡಿದ.

ಎರಡು ಕಂಪ್ಯೂಟರುಗಳು ಮಾತಾಡಲು ಒಂದು ನಿಯಮಾವಳಿ ಇದೆ. 1981ರಲ್ಲಿ ಪ್ರಕಟವಾದ ಟಿಸಿಪಿ. ಅದರಲ್ಲಿ 'ರೀಸೆಟ್' ಎಂಬ ಸಣ್ಣ ಸಂದೇಶವಿದೆ. "ಮಾತು ಮುಗಿಯಿತು, ಇಡುತ್ತೇನೆ" ಎಂದು ಅದರ ಅರ್ಥ. ಬಂದ ಕೂಡಲೇ ಸಂಪರ್ಕ ಕಡಿದುಹೋಗುತ್ತದೆ. ಟೊಪೊಲ್‌ಸ್ಕಿಯ ದಾಖಲೆಯಲ್ಲಿ ಈ ರೀಸೆಟ್‌ಗಳು ಇದ್ದವು. ಆ ಕಡೆಯ ಕಂಪ್ಯೂಟರ್ ಕಳಿಸಿದೆ ಎಂದೇ ಅದರ ಮೇಲೆ ವಿಳಾಸ. ಆದರೆ ಆ ಕಡೆಯವನು ಕಳಿಸಿರಲಿಲ್ಲ. ನಡುವೆ ಯಾರೋ ಕೂತು, ಇವನಿಗೆ ಅವನ ದನಿಯಲ್ಲಿ, ಅವನಿಗೆ ಇವನ ದನಿಯಲ್ಲಿ "ಫೋನ್ ಇಡ್ತೀನಿ" ಎಂದು ಹೇಳುತ್ತಿದ್ದರು.

ನಡುವೆ ಕೂತಿದ್ದದ್ದು ಅವನಿಗೆ ನೆಟ್ ಕೊಡುತ್ತಿದ್ದ ಕಾಮ್‌ಕಾಸ್ಟ್. ಆಗ ಅಮೆರಿಕದ ಅತಿ ದೊಡ್ಡ ಕೇಬಲ್ ಕಂಪನಿ. 2007ರ ಮೇ ತಿಂಗಳಲ್ಲಿ ಟೊಪೊಲ್‌ಸ್ಕಿ ತಾನು ಕಂಡದ್ದನ್ನು ಬಹಿರಂಗವಾಗಿ ಬರೆದ. ಕಂಪನಿ ಒಪ್ಪಲಿಲ್ಲ.

ಪತ್ರಿಕೋದ್ಯಮ ಕಲಿತ ನನಗೆ ಈ ಕತೆಯಲ್ಲಿ ಬಹಳ ಹಿಡಿಸುವುದು ಮುಂದಿನ ಭಾಗ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಅವನು ಹೇಳಿದ್ದನ್ನು ಹಾಗೇ ಬರೆಯಲಿಲ್ಲ, ಕಂಪನಿ ಹೇಳಿದ್ದನ್ನೂ ಹಾಗೇ ನಂಬಲಿಲ್ಲ. ತಾನೇ ಪರೀಕ್ಷೆ ಮಾಡಿತು. ಕಳಿಸಲು ಆರಿಸಿಕೊಂಡ ಫೈಲು ಯಾವುದು ಗೊತ್ತೇ? ಕಿಂಗ್ ಜೇಮ್ಸ್ ಬೈಬಲ್! ಕದ್ದ ಮಾಲು ಎಂದು ಯಾರೂ ಬೆರಳು ತೋರಿಸುವಂತಿರಲಿಲ್ಲ. ಮೂರು ಸಲ ಪ್ರಯತ್ನಿಸಿದಾಗ ಎರಡು ಸಲ ತಡೆ ಬಿತ್ತು, ಮೂರನೆಯದು ಹತ್ತು ನಿಮಿಷ ತಡವಾಗಿ ಶುರುವಾಯಿತು. ಎರಡೂ ತುದಿಯ ದಾಖಲೆ ಹೋಲಿಸಿದರೆ ಅದೇ ಕತೆ, ಇಬ್ಬರಿಗೂ ರೀಸೆಟ್ ಬಂದಿದೆ, ಇಬ್ಬರೂ ಕಳಿಸಿಲ್ಲ. ವರದಿ 2007ರ ಅಕ್ಟೋಬರ್ 19ರಂದು ಹೊರಬಂತು.

ಕಾಮ್‌ಕಾಸ್ಟ್ ಆಮೇಲೆ ಮಾತು ಬದಲಿಸಿತು. ತಡೆಯುವುದಿಲ್ಲ, ತಡ ಮಾಡುತ್ತೇವೆ ಅಷ್ಟೇ, ಎಲ್ಲರಿಗೂ ನೆಟ್ ಸರಾಗವಾಗಿ ಸಿಗಲಿ ಎಂದು ಮಾಡುತ್ತೇವೆ ಎಂದಿತು. ಇದರಲ್ಲಿ ಒಂದಿಷ್ಟು ನಿಜವೂ ಇತ್ತು. ಕೇಬಲ್ ನೆಟ್ಟಿನಲ್ಲಿ ಒಂದು ಬಡಾವಣೆಯ ಮನೆಗಳೆಲ್ಲ ಒಂದೇ ದಾರಿ ಹಂಚಿಕೊಳ್ಳಬೇಕು, ಅದರಲ್ಲೂ ಹೋಗುವ ದಾರಿ ಬರುವ ದಾರಿಗಿಂತ ತೀರಾ ಕಿರಿದು. ಕಾಲುವೆಯ ತುದಿಯಲ್ಲಿ ಗದ್ದೆ ಇರುವವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಆದರೆ ನೀರುಗಂಟಿ ಸರದಿ ಹಾಕುವುದು ಬೇರೆ, ನಿಮ್ಮ ದನಿಯಲ್ಲಿ ಮಾತಾಡಿ "ನನಗೆ ನೀರು ಬೇಡ" ಎಂದು ಬರೆಸಿಕೊಳ್ಳುವುದು ಬೇರೆ. ನನ್ನ ಮಟ್ಟಿಗೆ ತಪ್ಪು ಇದ್ದದ್ದು ಅಲ್ಲಿ. ಇಷ್ಟಿಷ್ಟೇ ಅಪ್‌ಲೋಡ್ ಎಂದು ಬಿಲ್ಲಿನ ಮೇಲೆ ಬರೆದಿದ್ದರೆ ಜನ ಬೈಯುತ್ತಿದ್ದರು, ಸುಮ್ಮನಾಗುತ್ತಿದ್ದರು.

2008ರ ಫೆಬ್ರವರಿಯಲ್ಲಿ ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ ಹಾರ್ವರ್ಡ್‌ನಲ್ಲಿ ಬಹಿರಂಗ ವಿಚಾರಣೆ ಇಟ್ಟಿತು. ಸೀಟು ಹಿಡಿಯಲು ದುಡ್ಡು ಕೊಟ್ಟು ಜನ ಕೂರಿಸಿದ್ದಾಗಿ ಕಂಪನಿ ಆಮೇಲೆ ಒಪ್ಪಿಕೊಂಡಿತು. (ನಮ್ಮೂರ ಸಭೆಗಳಿಗೆ ಲಾರಿಯಲ್ಲಿ ಜನ ತರುವುದನ್ನು ನೋಡಿ ನಗುವವರಿಗೆ ಇದು ಗೊತ್ತಿರಲಿ.) ಆಗಸ್ಟ್ 1ರಂದು ಆಯೋಗ 3-2 ಮತಗಳಿಂದ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ದಂಡ ಹಾಕಲಿಲ್ಲ, ವರ್ಷದ ಕೊನೆಯೊಳಗೆ ನಿಲ್ಲಿಸಿ, ಏನು ಮಾಡುತ್ತಿದ್ದಿರಿ ಎಂದು ಜನರಿಗೆ ತಿಳಿಸಿ ಎಂದಿತು. ಕಂಪನಿ ಕೋರ್ಟಿಗೆ ಹೋಗಿ 2010ರ ಏಪ್ರಿಲ್ 6ರಂದು ಗೆದ್ದಿತು. ಹೀಗೆ ಆದೇಶಿಸುವ ಅಧಿಕಾರವನ್ನು ಆಯೋಗ ತೋರಿಸಿಕೊಟ್ಟಿಲ್ಲ ಎಂಬುದು ಕೋರ್ಟಿನ ಮಾತು. ಅಷ್ಟರಲ್ಲಿ ಕಂಪನಿ ಆ ವಿಧಾನ ಬಿಟ್ಟಿತ್ತು, ಗ್ರಾಹಕರು ಹೂಡಿದ ಕೇಸಿನಲ್ಲಿ 1.6 ಕೋಟಿ ಡಾಲರಿಗೆ ರಾಜಿಯನ್ನೂ ಮಾಡಿಕೊಂಡಿತ್ತು. ತಲೆಗೆ ಹೆಚ್ಚೆಂದರೆ 16 ಡಾಲರ್.

ಅಮೆರಿಕದಲ್ಲಿ ಆಮೇಲೆ ಈ ಕುರಿತ ನಿಯಮ 2015ರಲ್ಲಿ ಬಂತು, 2017ರಲ್ಲಿ ಹೋಯಿತು, 2024ರಲ್ಲಿ ಮತ್ತೆ ಬಂತು, 2025ರ ಜನವರಿಯಲ್ಲಿ ಕೋರ್ಟಿನಲ್ಲಿ ಬಿದ್ದುಹೋಯಿತು. ನಮ್ಮಲ್ಲಿ ಟ್ರಾಯ್ 2017ರ ನವೆಂಬರ್‌ನಲ್ಲಿ ಶಿಫಾರಸು ಮಾಡಿ, 2018ರಲ್ಲಿ ದೂರಸಂಪರ್ಕ ಇಲಾಖೆ ಅದನ್ನು ಕಂಪನಿಗಳ ಲೈಸೆನ್ಸಿನ ಷರತ್ತಿಗೇ ಸೇರಿಸಿತು. ಏನು ಕಳಿಸುತ್ತೀರಿ ಎಂಬುದನ್ನು ನೋಡಿ ತಡೆಯುವಂತಿಲ್ಲ, ನಿಧಾನ ಮಾಡುವಂತಿಲ್ಲ. ದಟ್ಟಣೆ ನಿಭಾಯಿಸಲು ಸಕಾರಣವಾದ ಕ್ರಮಕ್ಕೆ ಮಾತ್ರ ಅವಕಾಶವಿದೆ.

ಇದನ್ನೆಲ್ಲ ಓದಿ ನಮ್ಮ ಮನೆಯಲ್ಲೂ ಅದೇ ಕಳ್ಳಾಟ ಎಂದು ನಾನೂ ಪ್ಯಾಕೆಟ್ ದಾಖಲಿಸಿ ಕೂತೆ. ಒಂದೂ ರೀಸೆಟ್ ಇಲ್ಲ. ಹೊರಗಿಂದ ಯಾರೂ ಬಾಗಿಲು ತಟ್ಟಿಯೇ ಇರಲಿಲ್ಲ. ರೂಟರಿನ ಸ್ಟೇಟಸ್ ಪುಟ ತೆರೆದಾಗ ಕಾರಣ ಕಂಡಿತು: ವಿಳಾಸ 100.72 ಎಂದು ಶುರುವಾಗಿತ್ತು.

ಇದರದ್ದು ಬೇರೆ ಇತಿಹಾಸ. 1981ರ ನಿಯಮದಲ್ಲಿ ಜಗತ್ತಿಗೆಲ್ಲ ಸೇರಿ ಸುಮಾರು 429 ಕೋಟಿ ಇಂಟರ್ನೆಟ್ ವಿಳಾಸ. ಆಗ ಅದು ಮುಗಿಯದ ಗಂಟು ಎಂದೇ ತೋರಿತ್ತು. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನು ಮುಗಿಯಿತು. ಏಪ್ರಿಲ್‌ನಿಂದ ಏಷ್ಯಾ-ಪೆಸಿಫಿಕ್ ಪಾಲಿನಲ್ಲೂ ಅಳೆದು ಸುರಿದು ಕೊಡುವ ಸ್ಥಿತಿ. ತಡವಾಗಿ ನೆಟ್ಟಿಗೆ ಬಂದ ನಮ್ಮಂಥವರಿಗೆ ಉಳಿದದ್ದು ಕಡಿಮೆ. ಹಾಗಾಗಿ ಕಂಪನಿಗಳು ಬಹಳಷ್ಟು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಸಿಜಿನ್ಯಾಟ್ ಎಂದು ಅದರ ಹೆಸರು. ಅದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸ ಎತ್ತಿಟ್ಟರು. ಒಳಗಿಂದ ನಾವು ಕರೆದರೆ ಉತ್ತರ ಬರುತ್ತದೆ, ಹೊರಗಿಂದ ಬಂದವರಿಗೆ ಯಾವ ಮನೆಯೆಂದು ತಿಳಿಯುವುದಿಲ್ಲ. ನಿಮ್ಮ ರೂಟರಿನಲ್ಲೂ 'ವ್ಯಾನ್ ಐಪಿ' ಎಂಬ ಕಡೆ ಇಂಥ ಅಂಕಿ ಇದ್ದರೆ, ಅಥವಾ 10ರಿಂದ ಶುರುವಾದರೆ, ರೂಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ವ್ಯರ್ಥ. ಕಂಪನಿಯ ಹತ್ತಿರ ಪಬ್ಲಿಕ್ ಐಪಿ ಕೇಳಬೇಕು, ಅಥವಾ ಎರಡೂ ಕಡೆ ಐಪಿವಿ6 ಇದ್ದರೆ ಅದನ್ನು ಬಳಸಬೇಕು.

ಇನ್ನೊಂದು ದಾರಿ ನಾನು ಹಿಡಿದದ್ದು. ಟೊರೆಂಟಿನಲ್ಲಿ ಇಬ್ಬರಲ್ಲಿ ಒಬ್ಬರ ಬಾಗಿಲು ತೆರೆದಿದ್ದರೂ ಸಾಕು. ಪುಣೆಯ ಅತ್ತೆ ಮಗನ ಲೈನಿಗೆ ಪಬ್ಲಿಕ್ ಐಪಿ ಇತ್ತು. ಅವನು ತನ್ನ ರೂಟರಿನಲ್ಲಿ ಪೋರ್ಟ್ ತೆರೆದ, ನಮ್ಮ ಡೆಸ್ಕ್‌ಟಾಪ್ ತಾನೇ ಅವನನ್ನು ಕರೆಯಿತು. ರಾತ್ರಿ ಹನ್ನೊಂದರ ಹೊತ್ತಿಗೆ ಅಪ್‌ಲೋಡಿನ ಅಂಕಿ ಏಳತೊಡಗಿತು. ಮೊದಲು ಮುಗಿದದ್ದು ದೊಡ್ಡಮ್ಮನ ಹಸೆ ಹಾಡು. ನಡುವೆ ಯಾರೋ "ಕಾಫಿ ಯಾರ್ಯಾರಿಗೆ?" ಎಂದು ಕೇಳುತ್ತಾರೆ, ದೊಡ್ಡಮ್ಮ ಹಾಡು ನಿಲ್ಲಿಸದೆಯೇ ಕೈ ಎತ್ತಿದ್ದಿರಬೇಕು, ಬಳೆ ಸದ್ದಾಗುತ್ತದೆ. ಅದು ಯಾರ ದನಿ ಎಂದು ಅವನು ಬೆಳಿಗ್ಗೆ ಫೋನ್ ಮಾಡಿ ಕೇಳಿದ.